ಕೂಡದ ರಕ್ತ

ಪಟಾನ್‌ಚೆರುವಿನ ಆ ಗೋದಾಮಿಗೆ ಬೆಂಕಿ ಹತ್ತಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಸುತ್ತಲಿನ ಔಷಧ ಕಾರ್ಖಾನೆಗಳಿಗೆ ಕೊಡುವ ರಾಸಾಯನಿಕದ ಡ್ರಮ್ಮುಗಳನ್ನು ಅಲ್ಲಿ ಪೇರಿಸಿಟ್ಟಿದ್ದರು. ಡಬ್ಬಿ ಬಿಚ್ಚಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಕೂತವರು ಬದುಕಿದರು. ಲಾರಿ ಖಾಲಿ ಮಾಡಿಯೇ ಉಂಡರಾಯಿತು ಎಂದು ಒಳಗೆ ಉಳಿದವರು ಬದುಕಲಿಲ್ಲ.

ಶೀತಲ ಅಲ್ಲಿಗೆ ತಲುಪಿದಾಗ ಬೆಂಕಿ ಆರಿತ್ತು, ಬಿಸಿ ಆರಿರಲಿಲ್ಲ. ಅವಳು ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಅಧಿಕಾರಿ. ಕೊಲೆಯಾದ ಮನೆ, ಸುಟ್ಟುಹೋದ ಅಂಗಡಿ, ಹೆಣ ಸಿಕ್ಕ ಕೆರೆಯ ದಂಡೆ, ಹೀಗೆ ಪೊಲೀಸರು ಕರೆದಲ್ಲಿಗೆ ಹೋಗಿ ಸಾಕ್ಷ್ಯ ಎತ್ತಿಕೊಂಡು ಬರುವುದು, ಅದರ ಡಿಎನ್‌ಎ ಪರೀಕ್ಷೆ ಮಾಡಿ ವರದಿ ಕೊಡುವುದು ಅವಳ ಕೆಲಸ. ಸೇರಿದಾಗ ಅವಳಿಗೆ ಮದುವೆಯಾಗಿರಲಿಲ್ಲ. ಈಗ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಮೊದಮೊದಲು ಹೆಣ ನೋಡಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರತೊಡಗಿತು. ಹಾಗೆ ಸೇರತೊಡಗಿದ್ದಕ್ಕೇ ಒಮ್ಮೊಮ್ಮೆ ತನ್ನ ಮೇಲೆ ತನಗೇ ಬೇಸರವಾಗುತ್ತಿತ್ತು.

ಗೋದಾಮಿನ ತಗಡಿನ ಚಾವಣಿ ಕುಸಿದು ಬಿದ್ದಿತ್ತು. ನೀರು ಕುಡಿದ ಬೂದಿ ಬೂಟಿಗೆ ಕೆಸರಿನಂತೆ ಅಂಟುತ್ತಿತ್ತು. ಹಿಂಬಾಗಿಲಿನ ಹತ್ತಿರ ಐದು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಸರಕು ಕಳುವಾಗುತ್ತದೆಂದು ಯಾವಾಗಲೂ ಹಾಗೆ ಬೀಗ ಹಾಕಿಸುತ್ತಿದ್ದರಂತೆ. ಯಾರೂ ಮುಟ್ಟುವ ಮೊದಲೇ ಶೀತಲ ಆ ಬೀಗದ ಫೋಟೊ ತೆಗೆಸಿದಳು. ಆಮೇಲೆ ಸಂಜೆಯ ತನಕ ಮಂಡಿಯೂರಿ ಕೂತು, ಒಬ್ಬೊಬ್ಬರು ಎಲ್ಲಿ ಬಿದ್ದಿದ್ದರೋ ಅಲ್ಲಿ ಗುರುತು ನೆಡಿಸುತ್ತ, ಬೂದಿಯನ್ನು ಜರಡಿ ಹಿಡಿಸುತ್ತ ಹೋದಳು. ಒಟ್ಟು ಒಂಬತ್ತು ದೇಹಗಳು. ಒಂದಕ್ಕೂ ಮುಖ ಉಳಿದಿರಲಿಲ್ಲ. ಅವತ್ತು ಒಳಗೆ ಯಾರು ಯಾರಿದ್ದರು ಎಂದು ಕೇಳಿದರೆ ಮೇಸ್ತ್ರಿಗೂ ಪೂರಾ ಗೊತ್ತಿರಲಿಲ್ಲ. ದಿನಗೂಲಿಯವರು, ಬೆಳಿಗ್ಗೆ ಕೂಲಿಯವರು ಸೇರುವ ಅಡ್ಡಾದಲ್ಲಿ ನಿಂತಿದ್ದವರನ್ನು ಕರೆದುಕೊಂಡು ಬಂದಿದ್ದೆ ಎಂದ.

ಮರುದಿನ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ಮಗ ಬಂದಿಲ್ಲ, ಗಂಡ ಬಂದಿಲ್ಲ, ತಮ್ಮ ಫೋನ್ ಎತ್ತುತ್ತಿಲ್ಲ ಎಂದು ಬಂದವರೆಲ್ಲ ಅಲ್ಲಿ ಕೂತಿದ್ದರು. ಅವರ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡು ಸತ್ತವರ ಡಿಎನ್‌ಎ ಜೊತೆ ಹೋಲಿಸಬೇಕಿತ್ತು. ಬಂದವರಲ್ಲಿ ಯಾದಗಿರಿ, ಕಲಬುರಗಿ ಕಡೆಯವರೇ ಹೆಚ್ಚು. ಇನ್ಸ್‌ಪೆಕ್ಟರ್ ಶೀತಲಳ ಹತ್ತಿರ ಬಂದು, "ವೀಳ್ಳದಿ ಮೀ ಭಾಷೇ ಮೇಡಂ," ಎಂದು ತೆಲುಗಿನಲ್ಲಿ, ಇವರದು ನಿಮ್ಮ ಭಾಷೆಯೇ ಎಂದ. ಶೀತಲಳ ಅಪ್ಪ ಶಾಂತಪ್ಪ ಭಾಲ್ಕಿಯಿಂದ ಬಂದು ಕಾಚಿಗೂಡದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಅವರ ಮನೆಯಲ್ಲಿ ಕನ್ನಡವೇ. ಅವಳು ಕುರ್ಚಿ ಎಳೆದುಕೊಂಡು ತಾನೇ ಎಲ್ಲರನ್ನೂ ವಿಚಾರಿಸಲು ಕೂತಳು.

ಸಾಬಣ್ಣ ಮತ್ತು ಪಾರ್ವತೆಮ್ಮ ಬಂದಾಗ ಬಿಸಿಲು ಏರಿತ್ತು. ಇಬ್ಬರಿಗೂ ಐವತ್ತರ ಆಸುಪಾಸು. ಸಾಬಣ್ಣ ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್, ಹೆಂಡತಿ ಅಲ್ಲೇ ಕಸ ಗುಡಿಸುತ್ತಿದ್ದಳು. ಮಗ ಪಟಾನ್‌ಚೆರುವಿನಲ್ಲಿ ಬೇರೆ ಹುಡುಗರ ಜೊತೆ ಖೋಲಿ ಮಾಡಿಕೊಂಡು ಇದ್ದ. ಆದಿತ್ಯವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

"ಹುಡುಗನ ಹೆಸರೇನ್ರಿ?" ಎಂದು ಶೀತಲ ಕೇಳಿದಳು.

"ಭೀಮಾಶಂಕರ ಅಂತರಿ," ಎಂದ ಸಾಬಣ್ಣ.

"ನಿಮ್ಮ ಸ್ವಂತ ಮಗಾ ಏನ್ರಿ?"

ಇದು ಎಲ್ಲರನ್ನೂ ಕೇಳುವ ಪ್ರಶ್ನೆ. ಸಾಬಣ್ಣ ಹೆಂಡತಿಯ ಕಡೆ ನೋಡಿದ. ಪಾರ್ವತೆಮ್ಮ ಶೀತಲಳನ್ನೇ ನೋಡುತ್ತ, "ಮತ್ತ ಯಾರ ಮಗಾ ಅಂತೀರಿ ಬಾಯಾರ?" ಎಂದಳು.

ಶೀತಲ ತಲೆಯಾಡಿಸಿ ಅವರ ಬೆರಳು ಹಿಡಿದುಕೊಂಡಳು. ಪಾರ್ವತೆಮ್ಮನ ಬೆರಳ ತುದಿ ಎಷ್ಟು ಗಟ್ಟಿಯಾಗಿತ್ತೆಂದರೆ ಸೂಜಿಯನ್ನು ಎರಡು ಸಲ ಚುಚ್ಚಬೇಕಾಯಿತು.

ಒಂದು ವಾರದಲ್ಲಿ ಏಳು ದೇಹಗಳ ಗುರುತು ಸಿಕ್ಕಿತು. ಮನೆಯವರು ಬಂದು ಒಯ್ದರು. ಉಳಿದದ್ದು ಎರಡು, ಎರಡೂ ಹರೆಯದ ಗಂಡಸರವು. ಸಾಬಣ್ಣ, ಪಾರ್ವತೆಮ್ಮರ ರಕ್ತ ಆ ಎರಡರಲ್ಲಿ ಯಾವುದಕ್ಕೂ ಕೂಡಲಿಲ್ಲ. ಒಯ್ದ ಏಳಕ್ಕೂ ಕೂಡಿರಲಿಲ್ಲ.

ಎಲ್ಲೋ ಮಾದರಿ ಅದಲುಬದಲಾಗಿರಬೇಕು ಎಂದುಕೊಂಡು ಶೀತಲ ಮತ್ತೊಮ್ಮೆ ಇಬ್ಬರನ್ನೂ ಕರೆಸಿ ರಕ್ತ ತೆಗೆದಳು. ಪರೀಕ್ಷೆಯನ್ನು ಮೊದಲಿನಿಂದ ತಾನೇ ಮಾಡಿದಳು. ಫಲ ಬದಲಾಗಲಿಲ್ಲ. ಹಾಗಾದರೆ ಹುಡುಗ ಗೋದಾಮಿನೊಳಗೆ ಇರಲೇ ಇಲ್ಲವೇ? ಬೇವಿನ ಮರದ ಕೆಳಗೆ ಕೂತು ಬದುಕಿಕೊಂಡವನೊಬ್ಬ ಮಾತ್ರ ಆಣೆ ಮಾಡಿ ಹೇಳುತ್ತಿದ್ದ: "ಭೀಮು ಒಳಗ ಇದ್ನರಿ. ನನ್ನ ಡಬ್ಬಿ ಇಟ್ಟಿರು, ನಾಕು ಡ್ರಮ್ ಇಳಿಸಿ ಬಂದೆ ಅಂದ."

ಹಲ್ಲುಜ್ಜುವ ಬ್ರಷ್ಷಾದರೂ ಸಿಕ್ಕರೆ ಅದರಿಂದ ಅವನ ಡಿಎನ್‌ಎ ತೆಗೆಯಬಹುದೆಂದು ಶೀತಲ ಅವನ ಖೋಲಿಗೆ ಹೋದಳು. ಖೋಲಿಯ ಮಾಲೀಕ ಆಗಲೇ ಎಲ್ಲ ಹೊರಗೆ ಹಾಕಿ ಸುಣ್ಣ ಬಳಿಸಿಬಿಟ್ಟಿದ್ದ. ಸತ್ತ ಹುಡುಗರ ಸಾಮಾನು ಎಂದು ಯಾರೂ ಮುಟ್ಟಲಿಲ್ಲ ಮೇಡಂ, ಕಸದ ಗಾಡಿಗೆ ಕೊಟ್ಟೆ ಎಂದ. ಮಿಯಾಪುರದ ಮನೆಯಲ್ಲಿ ಒಗೆದು ಮಡಿಚಿಟ್ಟ ಅಂಗಿಗಳಷ್ಟೇ ಇದ್ದವು.

ಈ ನಡುವೆ ಒಬ್ಬ ಕಾನ್‌ಸ್ಟೆಬಲ್ ಪಾರ್ವತೆಮ್ಮನಿಗೆ ಹಿಂದಿಯಲ್ಲಿ ಹೇಳಿಬಿಟ್ಟಿದ್ದ, ನಿಮ್ಮ ರಕ್ತ ಯಾರಿಗೂ ಕೂಡಲಿಲ್ಲ, ನಿಮ್ಮ ಹುಡುಗ ಇವರಲ್ಲಿ ಇಲ್ಲ ಎಂದು. ಆಕೆ ಅಂದೇ ಪ್ರಯೋಗಾಲಯದ ಗೇಟಿಗೆ ಬಂದು ಶೀತಲಳ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಬಾಯಾಗ ಸಕ್ಕರಿ ಹಾಕ್ತೀನ್ರಿ ಬಾಯಾರ. ನನಗ ಗೊತ್ತಿತ್ತು. ಅವ ಎಲ್ಲೋ ಅದಾನ. ಸುಟ್ಟ ಗಾಯ ಆಗಿ ಯಾವುದೋ ದವಾಖಾನ್ಯಾಗ ಎಚ್ಚರ ಇಲ್ದ ಬಿದ್ದಾನ. ನಾ ಹುಡುಕ್ತೀನಿ."

ಅದು ಹಾಗಲ್ಲ, ಇನ್ನೂ ತಪಾಸಣೆ ನಡೆಯಾಕತ್ತೈತಿ ಎಂದು ಶೀತಲ ಹೇಳಲು ಹೋದಳು. ಪಾರ್ವತೆಮ್ಮ ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ಆಕೆ ಮಗನ ಫೋಟೊ ಹಿಡಿದು ಊರಿನ ದವಾಖಾನೆಗಳನ್ನೆಲ್ಲ ಸುತ್ತತೊಡಗಿದಳು. ಗಾಂಧಿ, ಉಸ್ಮಾನಿಯಾ, ಸಂಗಾರೆಡ್ಡಿ, ದಾರಿಯಲ್ಲಿ ಕಂಡ ಸಣ್ಣ ನರ್ಸಿಂಗ್ ಹೋಮುಗಳು. ಬಾಗಿಲಲ್ಲಿ ನಿಂತು ಫೋಟೊ ತೋರಿಸಿ, "ಏ ಲಡ್ಕಾ ಆಯಾ ಕ್ಯಾ?" ಎಂದು ತನಗೆ ಬರುವ ಹಿಂದಿಯಲ್ಲಿ, ಈ ಹುಡುಗ ಬಂದಿದ್ದಾನೆಯೇ ಎಂದು ಕೇಳುತ್ತಿದ್ದಳಂತೆ.

ಸಾಬಣ್ಣ ಒಬ್ಬನೇ ಶೀತಲಳನ್ನು ಕಾಣಲು ಬಂದದ್ದು ಕೆಲವು ದಿನ ಕಳೆದ ಮೇಲೆ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ. ಶೀತಲ ಬಂದಾಗ ಎದ್ದು ನಿಂತ. ಕೂಡ್ರಿ ಎಂದರೂ ಕೂರಲಿಲ್ಲ.

"ಮೇಡಂರಿ, ಆಕಿ ಹಿಂಗ ತಿರುಗಿದ್ರ ಸತ್ತು ಹೋಗ್ತಾಳ. ಅನ್ನ ಬಿಟ್ಟಾಳ," ಎಂದ. ಆಮೇಲೆ, "ರಕ್ತ ಕೂಡೂದಿಲ್ರಿ. ಎಷ್ಟು ಸಲ ತಗದ್ರೂ ಕೂಡೂದಿಲ್ಲ. ಅವನ್ನ ನಾವು ಹಡದಿಲ್ಲ," ಎಂದ.

ಶೀತಲ ತಾನೇ ಬೆಂಚಿನ ಮೇಲೆ ಕೂತಳು. ಆಗ ಅವನೂ ಕೂತ.

"ಮಿಯಾಪುರದಾಗ ಬಿಲ್ಡಿಂಗ್ ಕಟ್ಟಾಕತ್ತಿದ್ದಿವ್ರಿ. ನಂದು ಸೆಂಟ್ರಿಂಗ್ ಕೆಲಸ. ಲಿಂಗಣ್ಣ ಅಂತ ಗುರುಮಿಠಕಲ್ ಕಡ್ಯಾಂವ, ಅವನ ಗುಡಿಸಲಾ ನಮ್ಮ ಬಾಜೂಕ. ಅವನ ಹೆಂಡ್ತಿ ಪ್ರೇಮಾ ಗಂಡು ಹಡದು ಮೂರನೇ ದಿನಕ್ಕ ಹೋದಳು. ನಮ್ಮಾಕಿದು ಆಗಷ್ಟ ಒಂದು ಕೂಸು ಹೋಗಿತ್ತು. ಎದಿಯಾಗ ಹಾಲು ಇತ್ರಿ. ಲಿಂಗಣ್ಣ ತನ್ನ ಕೂಸನ್ನ ತಂದು ಆಕಿ ಉಡ್ಯಾಗ ಹಾಕಿದ. ಸ್ವಲ್ಪ ದೊಡ್ಡದಾಗಲಿ, ಬಂದು ಒಯ್ತೀನಿ ಅಂದು ಊರಿಗೆ ಹೋದ."

"ಬರಲಿಲ್ಲೇನ್ರಿ ಮತ್ತ?"

"ಬಂದ್ರಿ. ವರ್ಷ ಆದ ಮ್ಯಾಲ ಬಂದ. ಅಷ್ಟೊತ್ತಿಗೆ ನಾವು ಬ್ಯಾರೆ ಕಡೆ ಕೆಲಸಕ್ಕ ಹೋಗಿದ್ದಿವಿ. ಹುಡುಕಿಕೊಂಡು ಬರಾಕತ್ಯಾನ ಅಂತ ಗೊತ್ತಾತು. ಆಕಿ ಒಬ್ಬಾಂವನ ಕೈಲಿ ಹೇಳಿ ಕಳಿಸಿದಳು, ಕೂಸಿಗೆ ಜ್ವರ ಬಂದು ಹೋತು, ಮಣ್ಣ ಮಾಡಿವಿ ಅಂತ."

"ನೀವೇನಂದ್ರಿ?"

"ನಾ ಏನೂ ಅನ್ನಲಿಲ್ರಿ. ಹುಡುಗ ಆಗ ನನಗ ಅಪ್ಪಾ ಅನ್ನಾಕ ಕಲ್ತಿದ್ದ."

ಲಿಂಗಣ್ಣ ಎಲ್ಲಿದ್ದಾನೆಂದು ಸಾಬಣ್ಣನಿಗೆ ಗೊತ್ತಿತ್ತು. ಕಾಚಿಗೂಡ ಸ್ಟೇಷನ್ನಿನ ಎದುರಿನ ಒಂದು ಲಾಡ್ಜಿನಲ್ಲಿ ಕೆಲಸ. ಒಂದು ಸಲ ಅವನನ್ನು ದೂರದಿಂದ ಕಂಡು ಸಾಬಣ್ಣ ಬಂದ ದಾರಿಯಲ್ಲೇ ತಿರುಗಿದ್ದ. ಅವತ್ತಿನಿಂದ ಗಂಡ ಹೆಂಡಿರು ಮಗನನ್ನು ಕರೆದುಕೊಂಡು ಕಾಚಿಗೂಡದ ಕಡೆ ಸುಳಿದಿರಲಿಲ್ಲ.

"ಅವನ ರಕ್ತ ಬೇಕಾಗತೈತಿ," ಎಂದಳು ಶೀತಲ. "ನೀವು ಆಗೂದಿಲ್ಲ ಅಂದ್ರ ನಾ ಒತ್ತಾಯ ಮಾಡೂದಿಲ್ರಿ. ಆದರ ಯಾರೂ ಗುರುತು ಹಿಡೀಲಿಲ್ಲಂದ್ರ ಆ ಎರಡೂ ದೇಹಾ ಮುನ್ಸಿಪಾಲ್ಟಿಯವರಿಗೆ ಹೋಗ್ತಾವ."

ಸಾಬಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. "ನೀವ ಒಂದು ಮಾತು ಆಕಿಗಿ ಹೇಳ್ರಿ. ನನ್ನ ಕೈಲಿ ಆಗವಲ್ದು."

ಇಂಥದ್ದು ಶೀತಲಳ ಕೆಲಸವಲ್ಲ. ವರದಿಯಲ್ಲಿ ಕೂಡಿತು ಅಥವಾ ಕೂಡಲಿಲ್ಲ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಮನೆಯವರೊಂದಿಗೆ ಮಾತಾಡುವುದು ಪೊಲೀಸರಿಗೆ ಬಿಟ್ಟದ್ದು. ಅವಳ ಹಿರಿಯ ಅಧಿಕಾರಿಯೂ ಅದನ್ನೇ ಹೇಳಿದರು. ಆದರೂ ಅವಳು ಹೋದಳು. ತಾನು ಕೇಳಿದ ಪ್ರಶ್ನೆ ಅವಳನ್ನು ಕಾಡುತ್ತಿತ್ತು. ನಿಮ್ಮ ಸ್ವಂತ ಮಗನೇ ಎಂದು ಕೇಳಿದ್ದಳು. ಪಾರ್ವತೆಮ್ಮ ಕೊಟ್ಟ ಉತ್ತರದಲ್ಲಿ ಸುಳ್ಳಿರಲಿಲ್ಲ.

ಮಿಯಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ವಾಚ್‌ಮನ್ನನ ಖೋಲಿ. ಪಾರ್ವತೆಮ್ಮ ಆಗಷ್ಟೇ ಯಾವುದೋ ದವಾಖಾನೆಯಿಂದ ಬಂದಿದ್ದಳು. ಶೀತಲಳಿಗೆ ಚಾಪೆ ಹಾಸಿ ಚಹಾಕ್ಕಿಟ್ಟಳು. ಚಹಾ ಸೋಸುತ್ತಿದ್ದವಳು ಒಮ್ಮೆ ಗಂಡನ ಮುಖ ನೋಡಿದಳು. ಕೈ ಅಲ್ಲೇ ನಿಂತಿತು.

"ಹೇಳಿದಿ?" ಎಂದಳು.

ಸಾಬಣ್ಣ ಹೊಸ್ತಿಲ ಹೊರಗೆ ನೋಡುತ್ತ ನಿಂತ.

ಪಾರ್ವತೆಮ್ಮ ಚಹಾದ ಕಪ್ಪನ್ನು ಶೀತಲಳ ಮುಂದಿಟ್ಟು ಎದುರಿಗೆ ಕೂತಳು. "ಬಾಯಾರ, ನಿಮ್ಮ ಮಷಿನ್ ಕೂಡೂದಿಲ್ಲ ಅಂದೈತಿ. ಹಾಂಗ ಬರದುಬಿಡ್ರಿ. ಅವ ಎಲ್ಲೋ ಅದಾನ ಅಂದ್ಕೊಂಡು ನಾ ಇರ್ತೀನಿ. ಹುಡುಕ್ಕೋತ ಇರ್ತೀನಿ. ನಿಮಗೇನು ಕಡಿಮಿ ಆಗತೈತಿ?"

"ನನಗೇನೂ ಆಗೂದಿಲ್ರಿ, ಪಾರ್ವತೆಮ್ಮಾರ. ಆದರ ಅವ ಅಲ್ಲಿ ಇದ್ರ, ಒಂದು ನಂಬರ್ ಹಾಕಿ ಯಾರೋ ಮಣ್ಣ ಮಾಡ್ತಾರ."

"ಅವನ ಅಂತ ನಿಮಗ ಖಾತ್ರಿ ಐತೇನು?"

"ಇಲ್ರಿ. ಲಿಂಗಣ್ಣನ ರಕ್ತ ನೋಡಿದ್ರ ಖಾತ್ರಿ ಆಗತೈತಿ."

"ಕೂಡಿದ್ರ ಲಿಂಗಣ್ಣ ಅಪ್ಪ ಆಗ್ತಾನ," ಎಂದಳು ಪಾರ್ವತೆಮ್ಮ. ದನಿ ಏರಿಸಲಿಲ್ಲ. "ಇವರು ಯಾರಾಗ್ತಾರ? ನಾ ಯಾರಾಕ್ಕೀನಿ?"

ಸಾಕ್ಷ್ಯ ಎತ್ತಲು ಹೋದ ಎಷ್ಟೋ ಮನೆಗಳಲ್ಲಿ ಶೀತಲ ಎಷ್ಟೋ ತಾಯಂದಿರ ಎದುರು ಕೂತಿದ್ದಳು. ಸಮಾಧಾನದ ಮಾತು ಬಾಯಿಗೆ ಬಂದರೂ ಅದು ಸುಳ್ಳಾಗಿದ್ದರೆ ಆಡುತ್ತಿರಲಿಲ್ಲ. ಅವತ್ತೂ ಆಡಲಿಲ್ಲ.

"ಕಾಗದದಾಗ ನಿಮ್ಮ ಹೆಸರು ಬರೂದಿಲ್ರಿ," ಎಂದಳು.

ಪಾರ್ವತೆಮ್ಮ ಅಳಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ ಮಗನ ಒಂದು ಅಂಗಿಯನ್ನು ನೋಡುತ್ತ ಬಹಳ ಹೊತ್ತು ಕೂತಳು. ಹೊರಗೆ ಯಾರೋ ಕಾರಿನ ಹಾರ್ನ್ ಬಾರಿಸಿ ಗೇಟು ತೆಗೆಯಲು ಕೂಗಿದರು. ಸಾಬಣ್ಣ ಹೋಗಿ ತೆಗೆದು ಬಂದ. ಆಮೇಲೆ ಆಕೆ ಎದ್ದು ಮುಖ ತೊಳೆದುಕೊಂಡಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ನಡೀರಿ," ಎಂದಳು. "ನಾನ ಹೇಳ್ತೀನಿ ಅವಗ. ಅವತ್ತ ಸುಳ್ಳು ಹೇಳಿ ಕಳಿಸಿದಾಕಿ ನಾನು."

ಮೂವರೂ ಮೆಟ್ರೊ ಹತ್ತಿದರು. ಕೊನೆಗೆ ಆಟೊ ಹಿಡಿದು ಕಾಚಿಗೂಡಕ್ಕೆ ಹೋದರು. ಸ್ಟೇಷನ್ನಿನ ಎದುರಿನ ಸಾಲಿನಲ್ಲಿ ಅದು ಹಳೆಯ ಲಾಡ್ಜು, ಕಡಿದಾದ ಮೆಟ್ಟಿಲು. ಲಿಂಗಣ್ಣ ಮಾಳಿಗೆಯ ಮೇಲೆ ಒಣಗಿದ ಹಾಸಿಗೆಯ ಬಟ್ಟೆಗಳನ್ನು ಮಡಿಚುತ್ತಿದ್ದ. ತಲೆ ಪೂರ್ತಿ ನರೆತಿತ್ತು. ಸಾಬಣ್ಣನನ್ನು ಒಂದು ಗಳಿಗೆ ದಿಟ್ಟಿಸಿದ. ಗುರುತು ಹತ್ತಿದೊಡನೆ ಅವನ ಮುಖವೆಲ್ಲ ಅರಳಿತು.

"ಸಾಬಣ್ಣಾ? ಎಷ್ಟು ವರ್ಷ ಆತೋ ಮಾರಾಯಾ ನಿನ್ನ ನೋಡಿ. ಪಾರ್ವತಕ್ಕಾ, ನೀನೂ ಬಂದಿ? ಬರ್ರಿ, ಬರ್ರಿ, ನೆಳ್ಳಿಗಿ ಬರ್ರಿ. ಚಾ ಹೇಳ್ತೀನಿ."

ಅವನ ಆ ಸಂತೋಷವನ್ನು ನೋಡಿ ಶೀತಲಳಿಗೆ ಮೆಟ್ಟಿಲಿಳಿದು ಓಡಿಹೋಗಬೇಕೆನಿಸಿತು.

"ಚಾ ಬ್ಯಾಡ," ಎಂದಳು ಪಾರ್ವತೆಮ್ಮ. "ಲಿಂಗಣ್ಣಾ, ಅವತ್ತ ಕೂಸು ಸತ್ತಿದ್ದಿಲ್ಲ."

"ಯಾವ ಕೂಸು?"

"ನಿನ್ನ ಕೂಸು. ಪ್ರೇಮಾನ ಕೂಸು. ಜ್ವರ ಬಂದಿದ್ದಿಲ್ಲ, ಏನಿಲ್ಲ. ನಾ ಸುಳ್ಳು ಹೇಳಿ ಕಳಿಸಿದ್ದೆ. ನೀ ಒಯ್ತಿ ಅಂತ."

ಲಿಂಗಣ್ಣನ ಕೈಯಲ್ಲಿ ಅರ್ಧ ಮಡಿಚಿದ ಬಟ್ಟೆ ಹಾಗೇ ಇತ್ತು. ಅವನು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಸಿಟ್ಟೂ ಬರಲಿಲ್ಲ, ಕೇಳಿದ ಮಾತು ಇನ್ನೂ ಅವನೊಳಗೆ ಅಷ್ಟು ಇಳಿದಿರಲಿಲ್ಲ.

"ಎಲ್ಲೈತಿ ಕೂಸು?" ಎಂದ.

ಪಾರ್ವತೆಮ್ಮ ಶೀತಲಳ ಕಡೆ ತಿರುಗಿದಳು. ಉತ್ತರ ಶೀತಲಳೇ ಕೊಡಬೇಕಾಯಿತು. ತಾನು ಯಾರು, ಯಾಕೆ ಬಂದೆ ಎಂದು ಹೇಳಿ, ಗೋದಾಮಿನ ಬೆಂಕಿಯ ಮಾತು ತೆಗೆದಳು. ಸಾವಿನ ಸುದ್ದಿ ಅವಳಿಗೆ ಹೊಸದಲ್ಲ. ಆದರೆ ಒಬ್ಬನಿಗೆ ಮಗನಿದ್ದಾನೆ ಎಂದು ಹೇಳಿ, ಅದೇ ಉಸಿರಿನಲ್ಲಿ ಇಲ್ಲ ಎಂದು ಹೇಳುವ ಪಾಳಿ ಅವಳಿಗೆ ಯಾವತ್ತೂ ಬಂದಿರಲಿಲ್ಲ.

ಲಿಂಗಣ್ಣ ಬಟ್ಟೆಯನ್ನು ಪೂರ್ತಿ ಮಡಿಚಿ ಗಂಟಿನ ಮೇಲಿಟ್ಟ. ಕೂತ. ಸಾಬಣ್ಣ ತನ್ನ ಫೋನಿನಲ್ಲಿದ್ದ ಫೋಟೊ ತೆಗೆದು ಅವನ ಮುಂದೆ ಹಿಡಿದ. ಜಾತ್ರೆಗೆ ಹೋದಾಗ ತೆಗೆಸಿಕೊಂಡದ್ದು. ಹುಡುಗ ಹೊಸ ಕನ್ನಡಕ ಹಾಕಿಕೊಂಡು ನಗುತ್ತಿದ್ದ.

"ಕನ್ನಡಕ ಇಲ್ದದ್ದು ಐತೇನು?" ಎಂದ ಲಿಂಗಣ್ಣ.

ಸಾಬಣ್ಣ ಇನ್ನೊಂದು ತೆಗೆದ. ಲಿಂಗಣ್ಣ ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಪ್ರೇಮಾನ ಕಣ್ಣು," ಎಂದ. ಆಮೇಲೆ, "ಹೆಸರೇನಿಟ್ಟಿದ್ರಿ?" ಎಂದು ಕೇಳಿದ.

"ಭೀಮಾಶಂಕರ," ಎಂದಳು ಪಾರ್ವತೆಮ್ಮ.

ಅವನು ಆಕೆಯ ಕಡೆ ತಿರುಗಲಿಲ್ಲ. ಕೈಯನ್ನು ಶೀತಲಳ ಮುಂದೆ ಚಾಚಿ, "ತಗೊಳ್ರಿ," ಎಂದ.

ರಕ್ತ ತೆಗೆದು, ಲಿಂಗಣ್ಣನ ಸಹಿ ಪಡೆದು ಶೀತಲ ಕೆಳಗಿಳಿದಾಗ ಸಂಜೆಯಾಗಿತ್ತು. ಅವಳ ತವರುಮನೆ ಅಲ್ಲೇ ಎರಡು ಗಲ್ಲಿ ಆಚೆ. ಮಾದರಿಯನ್ನು ಪ್ರಯೋಗಾಲಯದ ಗಾಡಿಯಲ್ಲಿ ಕಳಿಸಿ ಅವ್ವನ ಮನೆಗೆ ಹೋದಳು. ಸುಂದರಾಬಾಯಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ಮಗಳ ಮುಖ ನೋಡಿ ಏನೂ ಕೇಳದೆ ಸೊಪ್ಪಿನ ಅರ್ಧ ಕಟ್ಟನ್ನು ಅವಳ ಮುಂದೆ ಸರಿಸಿದಳು. ಶೀತಲ ಎಲೆ ಬಿಡಿಸುತ್ತ ಎಲ್ಲ ಹೇಳಿದಳು. ಕೆಲಸದ ಸಂಗತಿಯನ್ನು ಅವಳು ಮನೆಯಲ್ಲಿ ಹೇಳಿದ್ದು ಕಡಿಮೆ.

"ಆಕಿನ್ನ ಹಾಂಗ ಬಿಟ್ಟಿದ್ರ ಆಗ್ತಿದ್ದಿಲ್ಲೇನು?" ಎಂದಳು ಸುಂದರಾಬಾಯಿ. "ಹುಡುಕ್ಕೋತ ಬದುಕ್ತಿದ್ದಳು. ಈಗ ಏನೈತಿ ಆಕಿಗಿ?"

"ಗೊತ್ತಿಲ್ಲವ್ವಾ," ಎಂದಳು ಶೀತಲ. "ನನಗೂ ದಾರ್ಯಾಗ ಅದ ವಿಚಾರ ಬಂತು."

ಲಿಂಗಣ್ಣನ ರಕ್ತ ಎರಡರಲ್ಲಿ ಒಂದು ದೇಹಕ್ಕೆ ಕೂಡಿತು. ಸಂಶಯಕ್ಕೆ ಎಡೆಯಿರಲಿಲ್ಲ. ಹಿಂಬಾಗಿಲಿನ ಹತ್ತಿರ ಬಿದ್ದಿದ್ದವರಲ್ಲಿ ಅವನೊಬ್ಬ. ಇನ್ನೊಂದು ದೇಹ ಬಿಹಾರದ ಹುಡುಗನದೆಂದು ಅದೇ ವಾರ ತಿಳಿಯಿತು. ಅವನ ಅಣ್ಣ ರೈಲು ಹತ್ತಿ ಬಂದು ರಕ್ತ ಕೊಟ್ಟು, ಒಯ್ದ. ಶೀತಲ ವರದಿ ಬರೆದಳು. ಮೃತನ ತಂದೆ ಲಿಂಗಣ್ಣ ಎಂದು ಅದರಲ್ಲಿ ಇತ್ತು. ಸಾಬಣ್ಣ, ಪಾರ್ವತೆಮ್ಮರ ಬಗ್ಗೆ, ಇವರು ಮೃತನ ಜೈವಿಕ ತಂದೆತಾಯಿಗಳಲ್ಲ ಎಂಬ ಒಂದು ಸಾಲು ಬರೆಯಲೇಬೇಕಿತ್ತು. ಬರೆದಳು. ಅಂಥ ಸಾಲುಗಳನ್ನು ನೂರಾರು ಸಲ ಬರೆದಿದ್ದವಳು ಅವತ್ತು ಸಹಿ ಹಾಕುವ ಮೊದಲು ಎದ್ದುಹೋಗಿ ನೀರು ಕುಡಿದು ಬಂದಳು.

ದೇಹ ಕೊಡುವ ದಿನ ಶೀತಲ ಆಸ್ಪತ್ರೆಗೆ ಹೋದಳು. ಹೋಗಲೇಬೇಕೆಂದೇನೂ ಇರಲಿಲ್ಲ. ಶವಾಗಾರದ ಮುಂದೆ ಇನ್ಸ್‌ಪೆಕ್ಟರ್ ಕಾಗದಗಳನ್ನು ಹಿಡಿದು, "ತಂಡ್ರಿ ಎವರು?" ಎಂದ, ತಂದೆ ಯಾರು ಎಂದು. ಸಾಬಣ್ಣನ ಕಾಲು ತಾನಾಗಿ ಒಂದು ಹೆಜ್ಜೆ ಮುಂದಾಯಿತು. ಆಮೇಲೆ ನೆನಪಾಗಿ ನಿಂತ. ಲಿಂಗಣ್ಣ ಹೋಗಿ ಸಹಿ ಹಾಕಿದ.

ಎಲ್ಲಿಗೆ ಒಯ್ಯುವುದು ಎಂಬ ಮಾತು ಬಂದಾಗ ಲಿಂಗಣ್ಣ, "ನಮ್ಮೂರಿಗೆ. ಅವರವ್ವನ ಬಾಜೂಕ," ಎಂದ. ಅದು ಅವನ ಹಕ್ಕು. ಯಾರೂ ಏನೂ ಅನ್ನುವಂತಿರಲಿಲ್ಲ. ಪಾರ್ವತೆಮ್ಮ ಮಗನನ್ನು ಮಿಯಾಪುರಕ್ಕೆ ಒಯ್ದು ಒಂದು ಗಳಿಗೆ ಖೋಲಿಯ ಮುಂದೆ ಇಳಿಸಬೇಕೆಂದು ಬಾಗಿಲಿಗೆ ನೀರು ಹಾಕಿ ಬಂದಿದ್ದಳಂತೆ. ಅದನ್ನು ಆಕೆ ಹೇಳಲಿಲ್ಲ. ಸಾಬಣ್ಣ ಮೆಲ್ಲಗೆ ಶೀತಲಳ ಹತ್ತಿರ ಹೇಳಿದ.

"ಸಾಬಣ್ಣಾ, ನೀ ಬಾ," ಎಂದ ಲಿಂಗಣ್ಣ. ಪಾರ್ವತೆಮ್ಮನಿಗೆ ಅವನು ಏನೂ ಹೇಳಲಿಲ್ಲ. ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹವನ್ನು ಇಬ್ಬರು ಗಂಡಸರೂ ಎತ್ತಿ ಆಂಬುಲೆನ್ಸಿನೊಳಗೆ ಇಟ್ಟರು. ಹಗುರವಾಗಿತ್ತು, ಇಬ್ಬರು ಬೇಕಿರಲಿಲ್ಲ. ಲಿಂಗಣ್ಣ ಮುಂದೆ ಹೋಗಿ ಡ್ರೈವರನ ಪಕ್ಕದಲ್ಲಿ ಕೂತ. ಸಾಬಣ್ಣ ಹಿಂದೆ ಹತ್ತಿದ. ಬಾಗಿಲು ಹಾಕಲು ಬಂದ ಹುಡುಗ ಪಾರ್ವತೆಮ್ಮನ ಮುಖ ನೋಡಿ ಕಾದ. ಆಕೆ ಒಮ್ಮೆ ಮುಂದಿನ ಸೀಟಿನ ಕಡೆ ನೋಡಿದಳು. ಲಿಂಗಣ್ಣನ ತಲೆಯ ಹಿಂಭಾಗವಷ್ಟೇ ಕಾಣುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಹತ್ತಿ, ದೇಹದ ಪಕ್ಕದಲ್ಲಿ ನೆಲಕ್ಕೆ ಕೂತಳು. ಲಿಂಗಣ್ಣ ತಿರುಗಿ ನೋಡಲಿಲ್ಲ. ಗಾಡಿ ಹೊರಟಿತು.

ಸಾಬಣ್ಣನ ಫೋನ್ ಬಂದಾಗ ಶೀತಲ ಬೇರೊಂದು ಸಾವಿನ ಮನೆಯಿಂದ ಹೊರಗೆ ಬಂದು ಕೈಗವಸು ಕಳಚುತ್ತಿದ್ದಳು. ಅವನು ಇನ್ನೂ ಲಿಂಗಣ್ಣನ ಊರಲ್ಲೇ ಇದ್ದ. ಗೋದಾಮಿನ ಕೇಸಿನ ವಿಚಾರ ಇರಬಹುದೆಂದುಕೊಂಡಳು. ಅದಾಗಿರಲಿಲ್ಲ.

"ಎಲ್ಲಾ ಆತ್ರಿ ಮೇಡಂರಿ. ಹೇಳಬೇಕನಿಸ್ತು," ಎಂದ. "ಮಣ್ಣಾಗೂತನಕ ಲಿಂಗಣ್ಣ ನಮ್ಮಾಕಿ ಜೋಡಿ ಮಾತಾಡಲಿಲ್ಲ. ಊರ ಮಂದಿ ಆಕಿ ಯಾರು ಅಂತ ಕೇಳಿದ್ರು. ಅವ ಹೇಳಲಿಲ್ಲ. ಆಕಿ ಹೆಣ್ಣಮಕ್ಕಳ ಹಿಂದ ಕಟ್ಟಕಡೀಕ ನಿಂತಿದ್ದಳು. ಮೂರನೇ ದಿನಕ್ಕ ಎಡಿ ಒಯ್ಯಬೇಕಿತ್ತು. ಸತ್ತಾಂವಗ ಇಷ್ಟ ಇದ್ದದ್ದು ಇಡಬೇಕಲ್ರಿ? ಅವನ ತಂಗಿ ಒಲಿ ಮುಂದ ಕುಂತು, ಏನು ಮಾಡ್ಲಿ ಅಂತ ಕೇಳಿದಳು. ಲಿಂಗಣ್ಣಗ ಗೊತ್ತಿಲ್ಲ."

ಅತ್ತ ಯಾರೋ ಕರೆದದ್ದಕ್ಕೆ ಬಂದೆ ಎಂದು ಹೇಳಿ ಸಾಬಣ್ಣ ಮಾತು ಮುಂದುವರಿಸಿದ.

"ಆವಾಗ ಅವ ಎದ್ದು ಅಂಗಳಕ್ಕ ಬಂದ್ರಿ. ಆಕಿ ಮುಂದ ನಿಂತು, ಏನು ಉಣ್ತಿದ್ದ ಅವ, ಅಂತ ಕೇಳಿದ. ಮಂಡಾಳ ಒಗ್ಗರಣಿ, ಉಳ್ಳಾಗಡ್ಡಿ ಭಾಳ ಹಾಕಬೇಕು, ಸುಟ್ಟ ಶೇಂಗಾ ಮ್ಯಾಲ ಉದುರಿಸಬೇಕು ಅಂದಳು. ಸಣ್ಣಾಂವ ಇದ್ದಾಗಿಂದ ಏನೇನು ತಿಂತಿದ್ದ, ಏನು ಒಲ್ಲೆ ಅಂತಿದ್ದ, ಎಲ್ಲಾ ಹೇಳಾಕತ್ತಳು. ಅವ ನಿಂತು ಕೇಳಿದ್ರಿ. ನಡುವ ಒಮ್ಮಿನೂ ಸಾಕು ಅನ್ನಲಿಲ್ಲ. ಆಮ್ಯಾಲ, ನೀನ ಮಾಡು ಅಂದು ಒಳಗ ಕಳಿಸಿದ."

"ಈಗ ಹ್ಯಾಂಗದಾರ್ರಿ ಅವರು?"

"ಅಡಗಿ ಮಾಡಿಟ್ಟು ಬಂದು ಅತ್ತಾಳ್ರಿ. ಬೆಂಕಿ ಬಿದ್ದ ದಿನದಿಂದ ಅತ್ತಿದ್ದಿಲ್ಲ. ಇನ್ನೂ ಅಳಾಕತ್ತಾಳ. ಲಿಂಗಣ್ಣನ ತಂಗಿ ಬಾಜೂಕ ಕುಂತಾಳ."

ಅವನು ಫೋನಿಟ್ಟ. ಒಳಗಿನಿಂದ ಯಾರೋ ಮೇಡಂ ಎಂದು ಕರೆದರು. ಶೀತಲ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡಳು. ಆಮೇಲೆ ಹೊಸ ಕೈಗವಸು ಹಾಕಿಕೊಂಡು ಒಳಗೆ ಹೋದಳು.